ಅಂಗಡಿಯಲ್ಲಿ ಹುಟ್ಟಿದ ತಮ್ಮ

ಹಳೆಯ ವಿಡಿಯೋ ಗೇಮು ಮಾರುವವರು ಗಿರಾಕಿಗೆ ಆಟದ ಮೊದಲ ಪರದೆಯನ್ನಷ್ಟೇ ತೋರಿಸುತ್ತಾರೆ. ಕಂಪನಿಯ ಗುರುತು ಬರುತ್ತದೆ, ಸಂಗೀತ ಶುರುವಾಗುತ್ತದೆ, ಗುಂಡಿ ಒತ್ತಿರೆಂದು ಅಕ್ಷರಗಳು ಮಿನುಗುತ್ತವೆ. ಅಷ್ಟರಲ್ಲಿ ಸಿ.ಡಿ. ಹೊರಗೆ ಬಂದು, ಡಬ್ಬಿಯೊಳಗೆ ಹೋಗಿ, ನಮ್ಮ ಕೈಯಲ್ಲಿರುತ್ತದೆ. ಮುಂದೆ ಅದು ನಡೆಯುತ್ತದೋ ಇಲ್ಲವೋ ಎಂಬುದು ಮನೆ ಮುಟ್ಟಿದ ಮೇಲಿನ ಮಾತು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದ ಕಾಲಕ್ಕೆ ನಾನು ಇದನ್ನು ಸಾಕಷ್ಟು ಕಲಿತಿದ್ದೆ.

ನಮ್ಮ ಮನೆ ಪುಣೆಯ ಪಕ್ಕದ ಚಿಂಚವಾಡದಲ್ಲಿ. ಅಪ್ಪ ಪಿಂಪ್ರಿಯ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ಊರು ಜಮಖಂಡಿಯ ಕಡೆ. ನಾವಿಬ್ಬರು ಹೆಣ್ಣುಮಕ್ಕಳು. ಅಕ್ಕ ಮದುವೆಯಾಗಿ ಸೊಲ್ಲಾಪುರಕ್ಕೆ ಹೋದ ವರ್ಷವೇ ಕೆಳಗಿನ ಮನೆಯವರಿಗೆ ನಾಸಿಕಕ್ಕೆ ವರ್ಗವಾಯಿತು. ಅವರು ಸಾಮಾನು ಕಟ್ಟುವಾಗ ಮಗನ ಆಟದ ಯಂತ್ರವನ್ನು ಮಾರಿದರು, ಟ್ಯೂಷನ್ ಹೇಳಿ ಕೂಡಿಸಿದ್ದರಲ್ಲಿ ನಾನು ಅದನ್ನು ಕೊಂಡೆ. ಈ ವಿಷಯವನ್ನು ವಿಭಾಗದ ಗೆಳತಿಯರಿಗೆ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಹೇಳಬೇಕೆನಿಸಲಿಲ್ಲ. ಗುದ್ದಾಟ, ಓಟದ ಪಂದ್ಯ ನನಗೆ ಬೇಕಿರಲಿಲ್ಲ. ಊರಿಂದ ಊರಿಗೆ ಹೋಗುತ್ತ, ಸಿಕ್ಕವರನ್ನೆಲ್ಲ ಮಾತಾಡಿಸುತ್ತ, ತಿಂಗಳುಗಟ್ಟಲೆ ನಡೆಯುವ ಕಥೆಯ ಆಟಗಳು ನನಗೆ ಇಷ್ಟ. ನಿಜದ ಊರುಗಳಲ್ಲಿ ನಾನು ಯಾರನ್ನೂ ಹಾಗೆ ಮಾತಾಡಿಸಿದವಳಲ್ಲ.

ಇದು ಗೊತ್ತಿದ್ದವರು ಅಪ್ಪ ಒಬ್ಬರೇ. ಅವ್ವನಿಗೆ ಅದು ಟೀವಿಯ ಒಂದು ರೋಗ, ಅಷ್ಟೆ. ಆ ಭಾಗದ ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ, ಲೈಟು ಹೋಗುವುದೂ ಗುರುವಾರವೇ. ಮಧ್ಯಾಹ್ನ ಲೈಟು ಬಂದ ಮೇಲೆ ನಾನು ಯಂತ್ರದ ಮುಂದೆ ಕೂತರೆ ಅಪ್ಪ ಚಹಾ ಹಿಡಿದುಕೊಂಡು ಹಿಂದಿನ ಮಂಚದ ಮೇಲೆ ಕೂರುತ್ತಿದ್ದರು. ಮೊದಮೊದಲು ಪೇಪರು ಅಡ್ಡ ಇರುತ್ತಿತ್ತು. ಆಮೇಲೆ ಪೇಪರು ಮಡಿಚಿ ಪಕ್ಕಕ್ಕಿಟ್ಟರು.

"ಆ ಬಾವಿ ಕಟ್ಟಿಮ್ಯಾಲಿನ ಮುದುಕನ್ನ ಮಾತಾಡ್ಸಿದಿ?"

"ಎರಡ ಸಲ ಮಾತಾಡ್ಸೀನಿ ಅಪ್ಪಾ. ಮತ್ತ ಅದನ್ನ ಹೇಳ್ತಾನ."

"ಇನ್ನೊಮ್ಮೆ ಮಾತಾಡ್ಸು. ನಮ್ಮ ಸ್ಟೋರ್ ಕೀಪರ್ ಹಂಗ ಕಾಣ್ತಾನ. ಮೂರನೇ ಸಲಕ್ಕ ಬಾಯಿ ಬಿಡ್ತಾನ."

ಬಿಟ್ಟ. ಬಾಗಿಲಿನ ಕೀಲಿ ಎಲ್ಲಿದೆ ಎಂದು ಮೂರನೆಯ ಸಲಕ್ಕೆ ಹೇಳಿದ. ಅಪ್ಪ ಆ ಸಂಜೆಯೆಲ್ಲ ಖುಷಿಯಲ್ಲಿದ್ದರು.

ಹೊಸ ಆಟಗಳು ನನಗೆ ಎಟುಕುವಂತಿರಲಿಲ್ಲ, ಹಾಗಾಗಿ ಸೆಕೆಂಡ್ ಹ್ಯಾಂಡ್ ಅಂಗಡಿಗಳನ್ನು ಹುಡುಕಿಕೊಂಡು ಹೋಗುತ್ತಿದ್ದೆ. ಪುಣೆಯ ಕ್ಯಾಂಪಿನ ಒಂದರಲ್ಲಿ ಡಬ್ಬಿಯ ಮೇಲೆ ನಾನು ಕೇಳಿದ ಕಥೆಯ ಆಟದ ಚಿತ್ರವಿತ್ತು, ಮನೆಗೆ ಬಂದು ಹಾಕಿದರೆ ಫುಟ್‌ಬಾಲ್. ಮರುದಿನ ಒಯ್ದು ತೋರಿಸಿದಾಗ ಅಂಗಡಿಯವನು ಮರಾಠಿಯಲ್ಲಿ, ಅದರಲ್ಲೂ ಓಡಾಡುವುದೇ ಇದೆಯಲ್ಲ ಅಕ್ಕಾ, ಎಂದ. ಇನ್ನೊಂದು ಅಂಗಡಿಯಲ್ಲಿ ಗೀರುಗಳ ಮೇಲೆ ಹಲ್ಲಿನ ಪೇಸ್ಟು ತಿಕ್ಕಿ ಹೊಳಪು ತಂದಿದ್ದರು. ಡಬ್ಬಿ ತೆರೆದರೆ ಲವಂಗದ ವಾಸನೆ. ಮಾರಿದ ಮಾಲು ಮರಳಿ ಪಡೆಯುವುದಿಲ್ಲ ಎಂಬ ಫಲಕ ಎಲ್ಲ ಕಡೆಯೂ ಇತ್ತು, ಮತ್ತು ಎಲ್ಲ ಕಡೆಯೂ ಅದು ಕ್ಯಾಲೆಂಡರಿನ ಹಿಂದೆ ಅರ್ಧ ಮರೆಯಾಗಿರುತ್ತಿತ್ತು. ನಾನು ವಾದಿಸುವವಳಲ್ಲ. ಸುಮ್ಮನೆ ಆ ಅಂಗಡಿಗೆ ಮತ್ತೆ ಹೋಗುತ್ತಿರಲಿಲ್ಲ.

ಹೀಗೆ ಪಿಂಪ್ರಿ ಮಾರುಕಟ್ಟೆಯ ಒಂದು ಕಾಂಪ್ಲೆಕ್ಸಿನ ಮಹಡಿಯ ಮೇಲಿದ್ದ ಅಂಗಡಿಗೆ ಬಂದೆ. ಬಹಳ ದಿನದಿಂದ ಹುಡುಕುತ್ತಿದ್ದ, ಎರಡು ಸಿ.ಡಿ.ಗಳ ದೊಡ್ಡ ಆಟವೊಂದು ಅಲ್ಲಿ ಗಾಜಿನ ಕಪಾಟಿನಲ್ಲಿತ್ತು. ನಲವತ್ತರ ಆಸುಪಾಸಿನ ಮಾಲೀಕನೊಂದಿಗೆ ಮರಾಠಿಯಲ್ಲಿ ಮಾತಾಡುತ್ತಿದ್ದೆ. ನಡುವೆ ಅವನಿಗೆ ಫೋನು ಬಂತು. "ಇಂಡಿ ಗಾಡಿ ಎಷ್ಟಕ್ಕ ಬಿಡ್ತದೋ ಮಾರಾಯಾ, ಆಕಿ ಆಗಲೇ ಚೀಲಾ ಹಿಡಕೊಂಡು ಕುಂತಾಳ" ಎಂದ. ನನಗೆ ನಗು ಬಂತು. ಅವನು ಅದನ್ನು ನೋಡಿ ಫೋನು ಇಟ್ಟ.

"ಕನ್ನಡದವರೇನ್ರಿ ಅಕ್ಕಾರ?"

"ಹೌದ್ರಿ. ಜಮಖಂಡಿ ಕಡೆ."

"ಮತ್ತ ಮೊದಲ ಹೇಳಬಾರದೇನ್ರಿ? ಆಗಿಂದ ಇಬ್ಬರೂ ಕೂಡಿ ಮರಾಠಿ ಹೊಡಿಲಿಕತ್ತೀವಿ."

ಕಪಾಟಿನಿಂದ ತೆಗೆದಿದ್ದ ಡಬ್ಬಿಯನ್ನು ಅವನು ವಾಪಸು ಇಟ್ಟ. ಕೆಳಗಿನ ಖಾನೆ ಎಳೆದು ಅದೇ ಆಟದ ಬೇರೊಂದು ಡಬ್ಬಿ ತೆಗೆದ. "ಅದು ಮಂದಿಗೆ. ಇದು ನಮ್ಮವರಿಗೆ. ನಾನ ಚೆಕ್ ಮಾಡಿಟ್ಟ ಪೀಸ್ ಇದು."

ಯಂತ್ರಕ್ಕೆ ಹಾಕಿ ತೋರಿಸಿ ಎಂದು ನಾನು ಕೇಳಲಿಲ್ಲ. ಬೇರೆ ಯಾವ ಅಂಗಡಿಯಲ್ಲಾದರೂ ಕನಿಷ್ಠ ಆ ಮೊದಲ ಪರದೆಯನ್ನಾದರೂ ನೋಡುತ್ತಿದ್ದೆ. ನಮ್ಮ ಮಾತಿನವನು, ನಮ್ಮ ಕಡೆಯವನು, ತಾನೇ ನೋಡಿದ್ದೇನೆ ಅಂದಮೇಲೆ ಪರೀಕ್ಷೆ ಮಾಡಿಸುವುದು ಮರ್ಯಾದೆಯಲ್ಲ ಎನಿಸಿತು. ಚೀಲಕ್ಕೆ ಹಾಕುತ್ತ ಅವನು "ತಮ್ಮ ಖುಷಿ ಆಗ್ತಾನ ಬಿಡ್ರಿ" ಎಂದ. ಯಾವ ತಮ್ಮ ಎಂದು ಕೇಳುವುದರೊಳಗೆ ಇನ್ನೊಬ್ಬ ಗಿರಾಕಿಯ ಕಡೆ ತಿರುಗಿದ್ದ.

ಮೊದಲ ಸಿ.ಡಿ. ಚೆನ್ನಾಗಿ ನಡೆಯಿತು. ಮಳೆಗಾಲವಿಡೀ ಆಡಿದೆ. ಗುರುವಾರಗಳಂದು ಅಪ್ಪ ಮಂಚದ ಮೇಲಿನಿಂದ ದಾರಿ ಹೇಳುತ್ತಿದ್ದರು, ಅರ್ಧದಷ್ಟು ಸರಿಯಿರುತ್ತಿತ್ತು. ಎರಡನೆಯ ಸಿ.ಡಿ. ಹಾಕಿದ ಕೆಲ ಹೊತ್ತಿಗೆ ಒಂದು ಹಡಗು ಬಂದರು ಬಿಡುವ ದೃಶ್ಯ. ಹಡಗು ಅರ್ಧ ತಿರುಗಿ ನಿಂತಿತು. ಸಂಗೀತದ ಒಂದೇ ಚೂರು ಮತ್ತೆ ಮತ್ತೆ ಕೇಳಿಸಿತು.

"ಕರೆಂಟ್ ಡಿಮ್ ಆತೇನು?" ಎಂದರು ಅಪ್ಪ.

ಸಿ.ಡಿ.ಯನ್ನು ಹಳೆಯ ದುಪಟ್ಟಾದಿಂದ ಒರೆಸಿದೆ. ಮತ್ತೆ ಅಲ್ಲೇ ನಿಂತಿತು. ಯಂತ್ರವನ್ನು ಮಗುಚಿಟ್ಟರೆ ಕೆಲವೊಮ್ಮೆ ಓದುತ್ತದೆಂದು ಎಲ್ಲೋ ಓದಿದ್ದೆ. ಅಪ್ಪನೇ ಮಂಚದಿಂದ ಇಳಿದು, ವೈರು ಎಳೆಯದಂತೆ ಜೋಪಾನವಾಗಿ ಅದನ್ನು ಮಗುಚಿಟ್ಟರು. ಮತ್ತೆ ಅಲ್ಲೇ ನಿಂತಿತು. ಬೆಳಕಿಗೆ ಹಿಡಿದು ನೋಡಿದರೆ ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಬಿರುಕಿತ್ತು, ಅದನ್ನು ಮೊದಲು ಕಂಡವರೂ ಅಪ್ಪನೇ.

ಅಂಗಡಿಗೆ ಒಯ್ದೆ. ಮಾಲೀಕ ಅದನ್ನು ತನ್ನ ಯಂತ್ರಕ್ಕೆ ಹಾಕಿದ, ಮೊದಲ ಪರದೆ ಬಂತು. "ನಡೀತದಲ್ಲ ತಂಗಿ."

"ಹಡಗು ಬಿಡೂ ಮುಂದ ನಿಲ್ಲತದ್ರಿ. ಅಲ್ಲೀತನಾ ಹೋಗಿ ನೋಡಬೇಕು."

"ಅಲ್ಲೀತನಾ ಹೋಗಲಿಕ್ಕೆ ನಾ ಎರಡ ತಿಂಗಳ ಅಂಗಡಿ ಮುಚ್ಚಬೇಕಾಗ್ತದ."

ಅಂಗಡಿಯಲ್ಲಿದ್ದವರು ನಕ್ಕರು. ಮರುವಾರ ನಾನು ಆಟ ಉಳಿಸಿಟ್ಟಿದ್ದ ಮೆಮೊರಿ ಕಾರ್ಡನ್ನೇ ಒಯ್ದೆ. ಅದನ್ನು ಹಾಕಿದರೆ ನೇರವಾಗಿ ಬಂದರಿಗೇ ಹೋಗಬಹುದು ಎಂದೆ. ಗಿರಾಕಿಗಳ ಕಾರ್ಡು ಹಾಕಿದರೆ ತನ್ನ ಯಂತ್ರ ಕೆಡುತ್ತದೆ ಎಂದು ಅವನು ಮುಟ್ಟಲಿಲ್ಲ. ಬಿರುಕು ತೋರಿಸಿದೆ. ಅದು ಮನೆಯಲ್ಲಿ ಬಿದ್ದದ್ದು ಎಂದ.

"ತಮ್ಮನ್ನ ಕಳಸ್ರಿ. ಅಂವನ್ನ ಕೇಳಿದ್ರ ಗೊತ್ತಾಗ್ತದ, ಎಲ್ಲಿ ಒಗದಾನಂತ."

"ತಮ್ಮ ಇಲ್ರಿ. ಆಡಾಕಿ ನಾನ."

ಅವನು ನನ್ನ ಚೀಲವನ್ನೂ ಕನ್ನಡಕವನ್ನೂ ಒಮ್ಮೆ ನೋಡಿದ. "ಇರಲಿ ಬಿಡ್ರಿ. ಅಕ್ಕಂದಿರು ಅಂದ್ರ ಹಿಂಗ ಇರಬೇಕು, ತಮ್ಮನ ತಪ್ಪ ತಮ್ಮ ತಲಿ ಮ್ಯಾಲ ಹಾಕ್ಕೊಳ್ಳೂದು."

ಇಷ್ಟು ಹೊತ್ತೂ ಕನ್ನಡದಲ್ಲೇ ಮಾತಾಡುತ್ತಿದ್ದವನು, ನಾನು ಕದಲದೆ ನಿಂತಾಗ, ಅಲ್ಲಿದ್ದವರಿಗೆಲ್ಲ ಕೇಳುವಂತೆ ಮರಾಠಿಗೆ ಹೊರಳಿ ಫಲಕ ತೋರಿಸಿದ. ಮಾರಿದ ಮಾಲು ಮರಳಿ ಪಡೆಯುವುದಿಲ್ಲ. ಖಾನೆಯಿಂದ ಆ ಡಬ್ಬಿ ತೆಗೆದಾಗಿನ ಅವನ ಕನ್ನಡ ನನಗೆ ಆಗ ನೆನಪಾಯಿತು.

ಇಂಥವನೊಂದಿಗೆ ಮತ್ತೆ ವ್ಯವಹಾರ ಬೇಡವೆಂದು ಬಿಟ್ಟುಬಿಡಬಹುದಿತ್ತು, ಮೊದಲಿನ ಅಂಗಡಿಗಳನ್ನು ಬಿಟ್ಟ ಹಾಗೆ. ಬಿಡಲಾಗಲಿಲ್ಲ. ಸಿ.ಡಿ. ಬದಲಾಗಬೇಕಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ, ಆಡಿದವಳು ನಾನು, ಎಲ್ಲಿ ನಿಂತಿತೆಂದು ಬಲ್ಲವಳು ನಾನು ಎಂದು ಆ ಅಂಗಡಿಯಲ್ಲಿ ಯಾರಾದರೂ ಒಮ್ಮೆ ಹೇಳಬೇಕಿತ್ತು. ನಾನು ಹೇಳಿದರೆ ಸಾಲದಾಗಿತ್ತು. ಅಪ್ಪ ಎಲ್ಲವನ್ನೂ ಕಣ್ಣಾರೆ ಕಂಡಿದ್ದರು.

"ನೀವು ಬಂದು ಕಂಡದ್ದಷ್ಟ ಹೇಳ್ರಿ ಅಪ್ಪಾ. ಜಗಳ ಬ್ಯಾಡ."

"ಜಗಳ ಯಾಕವಾ. ಇದ್ದದ್ದ ಹೇಳೂದು" ಎಂದರು.

ಗುರುವಾರ ಸ್ಕೂಟರಿನಲ್ಲಿ ಹೋದೆವು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಮಾಲೀಕ ಅವರನ್ನು ಕಂಡೊಡನೆ ಎದ್ದು ನಿಂತ, ಕಾಕಾ ಬರ್ರಿ ಎಂದ, ಸ್ಟೂಲು ಒರೆಸಿದ, ಕೆಳಗಿನಿಂದ ಚಹಾ ತರಿಸಿದ. ಊರು, ಓಣಿ, ಯಾರ ಮನೆಯ ಹತ್ತಿರ ಎಂಬುದೆಲ್ಲ ಆಯಿತು. ಅವನ ಹೆಂಡತಿಯ ಅಕ್ಕನನ್ನು ಜಮಖಂಡಿಗೇ ಕೊಟ್ಟಿದ್ದರಂತೆ. ಅಪ್ಪ ಆ ಮನೆಯವರನ್ನು ಬಲ್ಲರು. ನಾನು ಚಹಾ ಬೇಡವೆಂದೆ.

"ತಂಗೀಗೆ ವರ ನೋಡ್ಲಿಕತ್ತೀರೇನು ಕಾಕಾ?"

"ನೋಡಬೇಕ್ರಿ. ಓದು ಮುಗೀಲಿ."

"ನಮ್ಮ ಕಡೆ ಭಾಳ ಮಂದಿ ಅದಾರ. ಹೇಳ್ತೀನಿ." ಆಮೇಲೆ ಸಿ.ಡಿ.ಯನ್ನು ಬೆರಳಲ್ಲಿ ತಿರುಗಿಸುತ್ತ ಕೇಳಿದ. "ಇದೇನ್ರಿ ಕಥಿ? ತಂಗಿ ಅಂತಾರ, ತಾನ ಆಡ್ತೀನಂತ. ನೀವ ಹೇಳ್ರಿ ಕಾಕಾ, ಒಗದಾಂವ ಹುಡುಗ ಹೌದಲ್ರಿ?"

ಅಪ್ಪ ಚಹಾ ಗುಟುಕರಿಸಿದರು. ನನ್ನ ಕಡೆ ನೋಡಲಿಲ್ಲ.

"ಹೌದ್ರಿ" ಎಂದರು. "ಸಣ್ಣಾಂವ ಅದಾನ. ಆಟದಾಗ ಭಾಳ ಲಕ್ಷ್ಯ. ಕೈಯಾಗಿಂದ ಬಿದ್ದಿರಬೇಕು."

"ನೋಡ್ರಿ ಮತ್ತ! ಎಷ್ಟನೇತ್ತಾ?"

"ಹನ್ನೆರಡನೇತ್ತಾ."

ಅಷ್ಟು ಸಲೀಸಾಗಿ ಬಂತು ಅದು, ಹನ್ನೆರಡನೆಯ ತರಗತಿ. ಕಾಕಾನ ಮಾರಿ ನೋಡಿ ಕೊಡ್ತೀನಿ ಎಂದು ಮಾಲೀಕ ಖಾನೆ ಎಳೆದು ಬೇರೊಂದು ಡಬ್ಬಿ ಕೊಟ್ಟ. ಹುಡುಗಗ ಜ್ವಾಕಿ ಹೇಳ್ರಿ, ಎಂದ. ಹೇಳ್ತೀನಿ, ಎಂದರು ಅಪ್ಪ.

ಕೆಳಗೆ ಸ್ಕೂಟರಿನ ಹತ್ತಿರ ಬಂದ ಮೇಲೆ ನಾನು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡೆ. ಅವರೇ ಹೇಳಿದರು. "ನಾಳೆ ಯಾರರ ನಿನ್ನ ಬಗ್ಗೆ ವಿಚಾರಿಸಿದ್ರ ಆ ಮನಷ್ಯಾ ಏನ ಹೇಳ್ತಾನ? ಹಗಲೆಲ್ಲಾ ಟೀವಿ ಮುಂದ ಕುಂತ ಆಡ್ತಾಳ ಅಂತಾನ. ನಿನಗ ಸಿ.ಡಿ. ಸಿಕ್ತಲ್ಲ?"

ಸಿಕ್ಕಿತ್ತು. ಅದು ಸರಿಯಾಗಿಯೂ ನಡೆಯಿತು. ಹಡಗು ಪೂರ್ತಿ ತಿರುಗಿ ಸಮುದ್ರಕ್ಕೆ ಹೋಯಿತು. ಮುಂದಿನ ಊರುಗಳೆಲ್ಲ ಬಂದವು. ಅವನ್ನು ನಾನು ಅಪ್ಪನಿಗೆ ಕಾರ್ಖಾನೆಯಿದ್ದ ದಿನಗಳಲ್ಲಿ, ಬಾಗಿಲು ಹಾಕಿಕೊಂಡು ಆಡಿದೆ. ಗುರುವಾರ ನನಗೆ ಲೈಬ್ರರಿಯಲ್ಲಿ ಕೆಲಸವಿರತೊಡಗಿತು. ಅವರು ಒಂದೆರಡು ವಾರ ಮಂಚದ ಮೇಲೆ ಕಾದು, ಪೇಪರು ಬಿಡಿಸಿಕೊಂಡರು ಎಂದು ಅವ್ವ ಹೇಳಿದಳು.

ನನಗೆ ಹಿಂಜವಾಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಕ್ಕು ಮೂರನೆಯ ವರ್ಷವಿರಬೇಕು. ಒಂದು ಶನಿವಾರ ಸಂಜೆ ಅಪ್ಪನ ಮೊಬೈಲಿಗೆ ಚಾರ್ಜರು ಬೇಕಾಗಿ ಪಿಂಪ್ರಿಗೆ ಹೋದೆವು. ಆಟದ ಅಂಗಡಿ ಈಗ ಮೊಬೈಲ್ ಅಂಗಡಿಯಾಗಿತ್ತು. ಮಾಲೀಕನೂ ಬದಲಾಗಿರಬೇಕೆಂದು ಅಪ್ಪ ಎಣಿಸಿದ್ದರೆಂದು ಕಾಣುತ್ತದೆ. ಒಳಗೆ ಹೋದ ಮೇಲೆ ಮಾಲೀಕನ ಮುಖ ನೋಡಿ ಅವರ ನಡಿಗೆ ನಿಧಾನವಾಯಿತು. ಅವನು ಗುರುತು ಹಿಡಿದ.

"ಕಾಕಾ! ಎಷ್ಟ ದಿವಸಾತು. ಹುಡುಗ ಏನ ಮಾಡ್ತಾನ್ರಿ ಈಗ?"

ಅಪ್ಪ ಚಾರ್ಜರಿನ ವೈರನ್ನು ಬೆರಳಿಗೆ ಸುತ್ತಿಕೊಂಡರು. "ಹಿಂಜವಾಡ್ಯಾಗ ಇದ್ದಾನ್ರಿ. ಸಾಫ್ಟ್‌ವೇರ್."

"ಭಾಳ ಚೊಲೋ ಆತು. ಕಂಪನಿ ಬಸ್ಸು ಬರ್ತದೇನು?"

"ಬರ್ತದ್ರಿ. ಚೌಕಿಗೇ ಬರ್ತದ."

ಅದು ನಾನು ದಿನಾ ಬೆಳಿಗ್ಗೆ ಹತ್ತುವ ಬಸ್ಸು. ಮಾಲೀಕ ನನ್ನ ಕಡೆ ತಿರುಗಿ, ತಂಗೀದು ಏನು ನಡದದ, ಎಂದು ಕೇಳಿದ. ಅಪ್ಪ ಬಾಯಿ ತೆರೆದರು, ಆದರೆ ನನ್ನ ಬಗ್ಗೆ ಹೇಳಲು ಅವರಲ್ಲಿ ಏನೂ ಉಳಿದಿರಲಿಲ್ಲ.

"ನನಗ ತಮ್ಮ ಇಲ್ಲರಿ" ಎಂದೆ. "ಅವತ್ತೂ ಇರಲಿಲ್ಲ. ಹಿಂಜವಾಡಿಗೆ ಹೋಗಾಕಿ ನಾನ."

ನಾನು ಇದನ್ನು ಮೆಲ್ಲಗೇ ಹೇಳಿದೆ. ಮಾಲೀಕ ಒಂದು ಕ್ಷಣ ಇಬ್ಬರನ್ನೂ ನೋಡಿದ. ಆಮೇಲೆ ಅವನ ಮುಖದಲ್ಲಿ ನಗೆ ಹರಡಿತು.

"ಏನ ಕಾಕಾ, ಅಕ್ಕ ತಮ್ಮ ಮಾತ ಬಿಟ್ಟಾರೇನು?"

ಅಪ್ಪನಿಗೆ ಇದು ಎರಡನೆಯ ಅವಕಾಶ. ಅದು ಅವರಿಗೂ ತಿಳಿಯಿತೆಂದು ನನಗೆ ಈಗಲೂ ಅನಿಸುತ್ತದೆ, ಏಕೆಂದರೆ ಈ ಸಲ ಅವರು ನನ್ನ ಮುಖವನ್ನು ನೋಡಿದರು, ನೋಡಿಯೇ ಹೇಳಿದರು.

"ಮನ್ಯಾಗ ಇದ್ದದ್ದರಿ. ನಾಳೆ ಕೂಡ್ತಾರ."

ನಾನು ಮೆಟ್ಟಿಲಿಳಿದು ಸ್ಕೂಟರನ್ನು ದಾಟಿ ಸ್ಟೇಷನ್ನಿಗೆ ನಡೆದೆ. ಚಿಂಚವಾಡ ಮುಂದಿನ ನಿಲ್ದಾಣವೇ, ಆದರೂ ಲೋಕಲ್ ಬರುವುದು ತಡವಾಯಿತು. ಮನೆಗೆ ಬಂದಾಗ ಅಪ್ಪ ಆಗಲೇ ಕೈಕಾಲು ತೊಳೆದು ಕೂತಿದ್ದರು, ಚಾರ್ಜರು ಗೋಡೆಯ ಪ್ಲಗ್ಗಿನಲ್ಲಿತ್ತು.

ಬ್ಯಾರೆ ಬ್ಯಾರೆ ಯಾಕ ಬಂದಿರಿ ಎಂದು ಅವ್ವ ಕೇಳಿದಳು. ಆಕಿಗೆ ಮಾರ್ಕೆಟ್ಟಿನಾಗ ಯಾರೋ ಗೆಳತಿ ಸಿಕ್ಕಿದ್ಲು, ಎಂದರು ಅಪ್ಪ, ತಡವರಿಸದೆ. ಅವ್ವ ಒಪ್ಪಿಕೊಂಡು ಒಳಗೆ ಹೋದಳು. ನಾನು ಅಪ್ಪನನ್ನು ದಾಟಿ ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.