ಗಾಜು ಒರೆಸಿದ ಕೈ

ಮೂಡುಬಿದಿರೆಯ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ನಾನು ಅಟೆಂಡರ್ ಆಗಿದ್ದೆ. ಬೆಳ್ತಂಗಡಿಯ ಲಾಯಿಲದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಎರಡು ಸಾವಿರದ ಇಸವಿ ಕಳೆದ ಮೇಲೆ, ಫರಂಗಿಪೇಟೆಯ ಬ್ಯಾರಿ ಮನೆತನದ ಮೇಡಂ ಒಬ್ಬರು ಪಾಠಕ್ಕೆ ಸೇರಿದರು. ಪಾಠದ ಜೊತೆಗೆ ಅವರ ಪಿಎಚ್‌ಡಿ ಕೆಲಸವೂ ನಡೆಯುತ್ತಿತ್ತು.

ಅವರ ವಿಷಯ ದ್ರವ ಸ್ಫಟಿಕ: ಕ್ಯಾಲ್ಕುಲೇಟರಿನಲ್ಲಿ ಅಂಕಿ ಮೂಡಿಸುವ, ಎಣ್ಣೆಯಂತೆ ಹರಿದರೂ ಒಳಗೆ ಸಾಲು ಹಿಡಿದು ನಿಲ್ಲುವ ವಸ್ತು. ಆಫೀಸಿನವರು ಮೂಲೆಗೆ ಹಾಕಿದ್ದ ಇಂಕ್‌ಜೆಟ್ ಪ್ರಿಂಟರಿಗೆ ಶಾಯಿಯ ಬದಲು ಅದನ್ನು ತುಂಬಿಸಿ, ಬರೀ ಗಾಜು, ಪ್ಲಾಸ್ಟಿಕ್ ಹಾಳೆ, ಅಂಟು ಸವರಿದ ಗಾಜು ಹೀಗೆ ಬೇರೆ ಬೇರೆ ಮೈಗಳ ಮೇಲೆ ಹನಿ ಬೀಳಿಸುತ್ತಿದ್ದರು. ಹನಿ ಎಲ್ಲಿ ಹೇಗೆ ಕೂರುತ್ತದೆಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ತಿಂಗಳುಗಟ್ಟಲೆ ಪ್ರಿಂಟರಿನ ತೂತು ಕಟ್ಟಿಕೊಳ್ಳುವುದೇ ಆಯಿತು. ಗಾಜು ತೊಳೆದು ಸಿದ್ಧಮಾಡಿ ಕೊಡುವುದು ನನ್ನ ಪಾಲಿನದು.

ಒಂದು ಮಧ್ಯಾಹ್ನ ಮೇಡಂ ಕೂಗಿದರು. "ಬನ್ನಿ ಮಾರಾಯ್ರೆ! ಅಂಟಿನ ಗಾಜಿನಲ್ಲಿ ಎಲ್ಲ ಹನಿಗಳ ಒಳಗಿನ ಸಾಲೂ ಒಂದೇ ದಿಕ್ಕಿಗುಂಟು!"

ಅದು ಅಂಟಿನ ಗುಣವೆಂದೇ ಅವರು ಪ್ರಬಂಧ ಬರೆಯತೊಡಗಿದರು. ಅಷ್ಟರಲ್ಲಿ ತಂಗಿಯ ಬಾಣಂತನಕ್ಕೆಂದು ನಾನು ಒಂದು ವಾರ ರಜೆ ಹಾಕಿದೆ. ತಿರುಗಿ ಬಂದಾಗ ಮೇಡಂ ಮುಖ ಬಾಡಿತ್ತು. ಆ ವಾರ ಅವರೇ ಮಾಡಿಕೊಂಡ ಗಾಜಿನಲ್ಲಿ ಒಂದೊಂದು ಹನಿಯ ಸಾಲು ಒಂದೊಂದು ಕಡೆಗಿತ್ತಂತೆ.

"ಅಂಟು ಹಾಳಾಗಿರಬೇಕು" ಎಂದರು.

ಸಂಜೆ ಬಸ್ಸಿನಲ್ಲಿ ಕೂತಾಗ ನನಗೆ ಹೊಳೆಯಿತು. ಅಂಟು ಒಣಗಿದ ಮೇಲೆ ಮುಟ್ಟಬೇಡಿ ಎಂದು ಮೇಡಂ ಹೇಳಿದ್ದರು. ಕೈಯಲ್ಲಿ ಮುಟ್ಟುತ್ತಿರಲಿಲ್ಲ, ನಿಜ. ಆದರೆ ಧೂಳು ಹೋಗಲೆಂದು ಹಳೆ ಸೀರೆಯ ತುಂಡಿನಲ್ಲಿ ಎಡದಿಂದ ಬಲಕ್ಕೆ ಒಂದು ಸಲ ಎಳೆಯುತ್ತಿದ್ದೆ. ಪ್ರತಿ ಗಾಜಿಗೂ.

ಎರಡು ದಿನ ಬಾಯಿ ಬರಲಿಲ್ಲ. ಕೆಲಸ ಹೋದೀತೆಂಬ ಹೆದರಿಕೆ. ಅವರು ಅಂಟನ್ನು ಮತ್ತೆ ಮತ್ತೆ ಕಾಯಿಸಿ ಸೋಲುವುದನ್ನು ನೋಡಲಾಗದೆ ಮೂರನೆಯ ದಿನ ಹೇಳಿಬಿಟ್ಟೆ. "ಮೇಡಂ, ತಪ್ಪಾಗಿದೆ. ನಾನು ಬಟ್ಟೆಯಲ್ಲಿ ಒರೆಸ್ತಿದ್ದೆ."

ಅವರು ಬೈಯಲಿಲ್ಲ. ಬರೆದ ಹಾಳೆಗಳನ್ನು ಚೀಲಕ್ಕೆ ತುರುಕಿ ಮನೆಗೆ ಹೋದರು.

ಮರುದಿನ ಹತ್ತು ಗಾಜು ನನ್ನ ಮುಂದಿಟ್ಟರು. "ಕೆಲವನ್ನು ಅಡ್ಡ ಒರೆಸಿ, ಕೆಲವನ್ನು ಉದ್ದಕ್ಕೆ, ಕೆಲವನ್ನು ಹಾಗೇ ಬಿಡಿ. ಯಾವುದು ಯಾವುದೂಂತ ನನಗೆ ಹೇಳ್ಬೇಡಿ."

ಹನಿ ಹಾಕಿ, ಒಂದೊಂದನ್ನೇ ನೋಡಿ, ಯಾವುದನ್ನು ಹೇಗೆ ಒರೆಸಿದ್ದೆನೆಂದು ಅವರು ಹೇಳುತ್ತಾ ಹೋದರು. ಹತ್ತೂ ಸರಿ! ನನಗೆ ಅಳು ಬಂತು.

"ನೀವೂ ನೋಡಿ" ಎಂದು ಎದ್ದು ಜಾಗ ಕೊಟ್ಟರು. ಅಷ್ಟು ವರ್ಷ ಆ ಸೂಕ್ಷ್ಮದರ್ಶಕವನ್ನು ಒರೆಸಿದ್ದೆನೇ ಹೊರತು ಅದರೊಳಗೆ ಕಣ್ಣಿಟ್ಟಿರಲಿಲ್ಲ. ಮೇಡಂ ಗಾಜನ್ನು ಮೆಲ್ಲಗೆ ತಿರುಗಿಸಿದಂತೆ ಹನಿಗಳೆಲ್ಲ ಒಟ್ಟಿಗೇ ಹೊಳೆದು ಒಟ್ಟಿಗೇ ಕಪ್ಪಾದವು.

ಉಜ್ಜಿದ ಕಡೆಗೆ ಸಾಲು ತಿರುಗುವುದು ತಿಳಿದವರಿಗೆ ಬಹಳ ಹಿಂದಿನಿಂದಲೂ ಗೊತ್ತಿದ್ದದ್ದೇ ಎಂದು ಅವರ ಗೈಡ್ ಹೇಳಿದರಂತೆ. ಆ ಪ್ರಬಂಧ ಕೈಬಿಟ್ಟುಹೋಯಿತು, ಪಿಎಚ್‌ಡಿ ಮುಗಿಸಲು ಮೇಡಂಗೆ ಒಂದು ವರ್ಷ ಹೆಚ್ಚು ಹಿಡಿಯಿತು. ಆ ವರ್ಷಕ್ಕೆ ನಾನು ಕಾರಣಳೋ ಅಲ್ಲವೋ, ಈಗಲೂ ತೀರ್ಮಾನಿಸಲಾರೆ. ಕೇಳಿದ್ದರೆ ಅವರು ಅಲ್ಲವೆಂದೇ ಹೇಳುತ್ತಿದ್ದರು. ಅದಕ್ಕೇ ಕೇಳಲಿಲ್ಲ.