ಹಳದಿ ಮನೆಯ ಪಕ್ಕದ ಕೆಂಪು ಚುಕ್ಕಿ

ಗೋಡೆಗೆ ಚಿತ್ರ ನೇತುಹಾಕುವುದು ನನ್ನ ಕಸುಬು. ಹೀಗೆಂದರೆ ಕೆಲವರು, ಮನೆಯಲ್ಲಿ ದೇವರ ಪಟಕ್ಕೆ ಮೊಳೆ ಹೊಡೆದುಕೊಡುವ ಕೆಲಸ ಅಂದುಕೊಳ್ಳುತ್ತಾರೆ. ಅದಲ್ಲ. ಕಲಾ ಪ್ರದರ್ಶನ ನಡೆಯುವ ಗ್ಯಾಲರಿಗಳಿಗೆ ಹೋಗಿ, ಯಾವ ಚಿತ್ರ ಎಷ್ಟು ಎತ್ತರಕ್ಕೆ, ಒಂದರಿಂದ ಇನ್ನೊಂದು ಎಷ್ಟು ದೂರಕ್ಕೆ ಎಂದು ಅಳೆದು, ದಾರ ಎಳೆದು ಕಟ್ಟಿ, ಮಟ್ಟ ನೋಡಿ ಹಾಕುವುದು. ಪ್ರದರ್ಶನ ಮುಗಿದ ಮೇಲೆ ಎಲ್ಲವನ್ನೂ ಇಳಿಸಿ, ಮೊಳೆ ಕಿತ್ತ ತೂತುಗಳನ್ನು ಮುಚ್ಚಿ, ಬಣ್ಣ ಬಳಿದು, ಅಲ್ಲಿ ಏನೂ ಇರಲೇ ಇಲ್ಲ ಅನ್ನುವ ಹಾಗೆ ಮಾಡುವುದು. ಇಪ್ಪತ್ತು ವರ್ಷದಿಂದ ಇದೇ ಮಾಡಿಕೊಂಡಿದ್ದೇನೆ. ಚಿತ್ರದ ನಡುಭಾಗ ನೋಡುವವರ ಕಣ್ಣಿನ ಮಟ್ಟಕ್ಕೆ ಬರಬೇಕು ಎನ್ನುವುದಷ್ಟೇ ಇದರ ಶಾಸ್ತ್ರ. ಉಳಿದದ್ದೆಲ್ಲ ಏಣಿ ಹತ್ತಿ ಇಳಿಯುವುದು.

ಮಳೆ ಸ್ವಲ್ಪ ಹಿಂದೆ ಸರಿದು ದಸರಾ ಹತ್ತಿರ ಬಂತೆಂದರೆ ನಮ್ಮ ಸೀಸನ್ ಶುರು. ಹಲಸೂರು ಕೆರೆಯ ಕಡೆ ಬಂಗಾಳಿಗಳು ದುರ್ಗೆಯ ಪೆಂಡಾಲ್ ಎಬ್ಬಿಸುತ್ತಾರೆ. ಇಂದಿರಾನಗರದಲ್ಲಿ ಉಳಿದಿರುವ ನಾಲ್ಕಾರು ಹಳೇ ಬಂಗಲೆಗಳಲ್ಲಿ ಫೋಟೊ ಪ್ರದರ್ಶನ, ಮಡಕೆ ಪ್ರದರ್ಶನ, ಕೈಮಗ್ಗದ ಸೀರೆ ಪ್ರದರ್ಶನ. ಅಷ್ಟರಲ್ಲಿ ನವೆಂಬರ್ ಬಂದು ಗಲ್ಲಿಗಲ್ಲಿಯಲ್ಲಿ ರಾಜ್ಯೋತ್ಸವದ ಆರ್ಕೆಸ್ಟ್ರಾ. ಡಿಸೆಂಬರ್ ಮುಗಿಯುವ ತನಕ ನಮ್ಮಂಥವರಿಗೆ ಕೂತು ಊಟ ಮಾಡಲು ಪುರಸೊತ್ತಿಲ್ಲ. ಉದ್ಘಾಟನೆಯ ಸಂಜೆ ಚಿತ್ರಗಳಿಗೆ ಬೆನ್ನು ಹಾಕಿ ನಿಂತು ಚೀಸ್ ತಿನ್ನುವವರನ್ನು ನೋಡಿ ನೋಡಿ ನನ್ನ ನಾಲಿಗೆ ಕಹಿಯಾಗಿದೆ. ಮನೆಯಲ್ಲಿ ಹೆಂಡತಿ, ಬಾಯಿ ತೆಗೆದರೆ ಬರೀ ಕೊಂಕು ಅನ್ನುತ್ತಾಳೆ. ಇರಬಹುದು. ಆದರೆ ಈಗ ಹೇಳಹೊರಟಿರುವುದರಲ್ಲಿ ತಪ್ಪು ಆ ಚೀಸ್ ತಿನ್ನುವವರದ್ದಲ್ಲ, ನನ್ನದೇ.

ನನ್ನ ಅಣ್ಣ ನನಗಿಂತ ಏಳು ವರ್ಷ ದೊಡ್ಡವನು. ಶಿವಾಜಿನಗರದ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಬೋರ್ಡ್ ಬರೆಯುವ ಅಂಗಡಿ ಇಟ್ಟಿದ್ದ. ಕನ್ನಡ, ತಮಿಳು, ಇಂಗ್ಲಿಷ್, ಉರ್ದು ನಾಲ್ಕರಲ್ಲೂ ಬರೆಯುತ್ತಿದ್ದ. ಉರ್ದು ಓದಲು ಅವನಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಯಾರಾದರೂ ಕಾಗದದ ಮೇಲೆ ಗೀಚಿಕೊಟ್ಟರೆ ಸಾಕು, ಬಿರಿಯಾನಿ ಹೋಟೆಲಿನ ಸಾಹೇಬರು ರಸ್ತೆಯಲ್ಲೇ ನಿಂತು ತಲೆದೂಗುವ ಹಾಗೆ ತಗಡಿನ ಮೇಲೆ ಇಳಿಸುತ್ತಿದ್ದ. ಆಮೇಲೆ ಫ್ಲೆಕ್ಸ್ ಬಂತು, ಅಂಗಡಿ ಹೋಯಿತು. ಅಣ್ಣ ಹೊರಮಾವಿನ ಅಪಾರ್ಟ್‌ಮೆಂಟ್ ಒಂದರ ಗೇಟಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿದ. ಬಂದ ಗಾಡಿಗಳ ನಂಬರನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳುವುದು ಅವನ ಕೆಲಸ. ಒಮ್ಮೆ ಆ ಪುಸ್ತಕ ನೋಡಿದೆ. ಒಂದೊಂದು ಅಂಕಿಯೂ ಅಚ್ಚು ಹಾಕಿದಂತಿತ್ತು. ಇದನ್ನು ಯಾರೂ ನೋಡುವುದಿಲ್ಲವಲ್ಲ ಎಂದು ನನಗೆ ಹೊಟ್ಟೆ ಉರಿಯಿತು. ಹನ್ನೊಂದು ವರ್ಷ ಅವನು ಬ್ರಷ್ ಮುಟ್ಟಲಿಲ್ಲ. ನಾನು ಎತ್ತಿದರೆ, "ಯಾರಿಗೆ ಬೇಕೋ ಅದು?" ಅನ್ನುತ್ತಿದ್ದ. ಸಿಟ್ಟಿನಿಂದಲ್ಲ, ಇವತ್ತು ಮೋಡ ಕವಿದಿದೆ ಅನ್ನುವಷ್ಟು ಸಲೀಸಾಗಿ.

ಅಂಗಡಿಯಿದ್ದ ಕಾಲದಲ್ಲಿ ಕೆ.ಆರ್.ಪುರದ ನಮ್ಮ ಮನೆಯಿಂದ ಶಿವಾಜಿನಗರದವರೆಗೂ ಸೈಕಲಿನಲ್ಲೇ ಹೋಗುತ್ತಿದ್ದ. ದಾರಿಯಲ್ಲಿ ಕಾಕ್ಸ್ ಟೌನಿನ ಒಂದು ಹಳದಿ ಮನೆಯ ಎದುರು ದಿನಾ ನಿಂತು ಬೆವರು ಒರೆಸಿಕೊಳ್ಳುತ್ತಿದ್ದನಂತೆ. ಆ ಮನೆಯನ್ನು ಕೆಡವಿ ಫ್ಲಾಟ್ ಕಟ್ಟುತ್ತಿದ್ದಾರೆ ಎಂದು ಯಾರೋ ಹೇಳಿದ ವಾರವೇ ಅವನು ಹಾರ್ಡ್‌ವೇರ್ ಅಂಗಡಿಯಿಂದ ಎನಾಮೆಲ್ ಬಣ್ಣದ ಡಬ್ಬಿಗಳನ್ನು ತಂದು, ಒಂದು ಪ್ಲೈವುಡ್ ಹಲಗೆಯ ಮೇಲೆ ನೆನಪಿನಿಂದಲೇ ಆ ಮನೆಯನ್ನು ಬರೆದ. ಮುಂದಿನ ಜಗಲಿ, ನೀಲಿ ತಗಡಿನ ಗೇಟು, ಸೀಬೆ ಮರ, ಒಂದು ಕಾಲು ಮುರಿದು ಇಟ್ಟಿಗೆಯ ಮೇಲೆ ನಿಂತ ಬೆತ್ತದ ಕುರ್ಚಿ. ಬೋರ್ಡ್ ಬರೆಯುವವನ ಕೈಯಲ್ಲವೇ, ಗೆರೆಗಳೆಲ್ಲ ಖಡಕ್ಕಾಗಿದ್ದವು. ಎಷ್ಟೋ ದೊಡ್ಡ ಮನುಷ್ಯರ ಚಿತ್ರಗಳನ್ನು ಕೈಯಾರೆ ಎತ್ತಿ ಇಳಿಸಿದ್ದೇನೆ. ಇದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು. ತಮ್ಮನೆಂಬ ಕಾರಣಕ್ಕಲ್ಲ, ಚಿತ್ರ ನಿಜವಾಗಿಯೂ ಚೆನ್ನಾಗಿತ್ತು.

ಇಂದಿರಾನಗರದ ಗ್ಯಾಲರಿಯೊಂದರಲ್ಲಿ ಪ್ರತಿ ದಸರಾ ಕಳೆದ ಮೇಲೆ ಹತ್ತು ದಿನ ಹೊಸಬರ ಪ್ರದರ್ಶನ ಇಡುತ್ತಾರೆ. ಅದರ ಯಜಮಾನಿಗೆ ಫೋನಿನಲ್ಲಿ ಚಿತ್ರ ತೋರಿಸಿದೆ. "ಸೋ ಆನೆಸ್ಟ್!" ಎಂದರು. ಜಾಗ ಕೊಟ್ಟದ್ದು ಮಾತ್ರ ಬಾತ್‌ರೂಮಿನ ಪಕ್ಕದ ಮೂಲೆಯಲ್ಲಿ. ನಾನೇ ಹಾಕಿದೆ. ಉಳಿದವಕ್ಕಿಂತ ಒಂದೂವರೆ ಇಂಚು ಕೆಳಗೆ ಹಾಕಿದೆ, ಅಣ್ಣ ಕುಳ್ಳ, ಅವನ ಕಣ್ಣಿಗೆ ಸರಿಯಾಗಿ ಬರಲಿ ಎಂದು. ಯಾರಿಗೂ ಗೊತ್ತಾಗಲಿಲ್ಲ.

ಈಗ ಚುಕ್ಕಿಯ ವಿಷಯ. ಚಿತ್ರ ಮಾರಾಟವಾದರೆ ಅದರ ಪಕ್ಕದಲ್ಲಿರುವ ಹೆಸರಿನ ಚೀಟಿಯ ಮೇಲೆ ಒಂದು ಕೆಂಪು ಚುಕ್ಕಿ ಅಂಟಿಸುವುದು ವಾಡಿಕೆ. ಒಳಗಿನವರಿಗೆ ಮಾತ್ರ ಗೊತ್ತಿರುವ ಇನ್ನೊಂದು ವಾಡಿಕೆಯೂ ಇದೆ. ಉದ್ಘಾಟನೆಗೆ ಮುಂಚೆಯೇ ಎರಡು ಮೂರು ಚಿತ್ರಗಳಿಗೆ ಸುಮ್ಮನೆ ಚುಕ್ಕಿ ಹಚ್ಚಿಬಿಡುತ್ತಾರೆ. ಆಗಲೇ ಹೋಗುತ್ತಿದೆ ಎಂದು ಕಂಡರೆ ಉಳಿದವರಿಗೂ ಕೈ ತುರಿಸುತ್ತದೆ ಎಂದು ಲೆಕ್ಕ. ನಾವು ಅದನ್ನು ಬೋಣಿ ಅನ್ನುತ್ತೇವೆ. ಮಾರನೆಯ ದಿನ ಸದ್ದಿಲ್ಲದೆ ಕಿತ್ತುಹಾಕುತ್ತಾರೆ. ಇಷ್ಟು ವರ್ಷ ಅದನ್ನು ನೋಡಿ ನಕ್ಕವನು ನಾನು. ಆ ಮಧ್ಯಾಹ್ನ ರಿಸೆಪ್ಷನ್ನಿನ ಡ್ರಾಯರಿನಿಂದ ಒಂದು ಚುಕ್ಕಿ ಬಿಡಿಸಿಕೊಂಡು ಹೋಗಿ ಅಣ್ಣನ ಚೀಟಿಯ ಮೇಲೆ ಅಂಟಿಸಿದೆ. ಒಂದು ಸಂಜೆ ಅವನು ಅದನ್ನು ನೋಡಲಿ, ಅಷ್ಟೇ. ನಾಳೆ ಹೇಗೂ ಸುಳ್ಳು ಚುಕ್ಕಿಗಳ ಜೊತೆ ಕಿತ್ತರಾಯಿತು ಅಂದುಕೊಂಡೆ.

ಅಣ್ಣ ಡ್ಯೂಟಿ ಬದಲಾಯಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಗ್ಯಾಲರಿಯ ಬಾಗಿಲಲ್ಲಿದ್ದ ಸೆಕ್ಯುರಿಟಿ ಅವನನ್ನು ಮೇಲಿಂದ ಕೆಳಗೆ ನೋಡಿ, "ಡೆಲಿವರಿನಾ?" ಎಂದ. ನಾನು ಓಡಿಹೋಗಿ ಒಳಗೆ ಕರೆತಂದೆ. ಚಿತ್ರದ ಮುಂದೆ ಅಣ್ಣ ಕೈಕಟ್ಟಿ ನಿಂತ.

"ಏನೋ ಇದು, ಕೆಂಪಗೆ?"

"ಸೇಲ್ ಆಗಿದೆ ಅಂತ."

"ನಂದಾ?"

"ಇನ್ನೇನು ನಂದಾ?"

"ಯಾರ್ ತಗೊಂಡ್ರು?"

"ಯಾರೋ... ಇಲ್ಲೇ ಇಂದಿರಾನಗರದೋರಂತೆ."

"ಗೋಡೆ ಮೇಲೆ ಹಾಕ್ತಾರಾ?"

"ಮತ್ತೆ? ತಗೊಂಡೋಗಿ ಬೀರುನಲ್ಲಿ ಇಟ್ಕೋತಾರಾ?"

ಅವನಿಗೆ ಅಷ್ಟು ಸಾಕಾಯಿತು. ಎಷ್ಟಕ್ಕೆ ಎಂದೂ ಕೇಳಲಿಲ್ಲ. (ಆ ಮೊತ್ತವನ್ನು ಆಮೇಲೆ ನಾನೇ ಕೊಟ್ಟೆ, ಅದು ದೊಡ್ಡ ವಿಷಯವಲ್ಲ.) ಹೊರಡುವಾಗ ಬಾಗಿಲ ಸೆಕ್ಯುರಿಟಿಯ ಹೆಗಲ ಮೇಲೆ ಕೈಹಾಕಿ, "ಊಟ ಆಯ್ತಾ ಗುರು?" ಎಂದು ವಿಚಾರಿಸಿಕೊಂಡ. ಅಣ್ಣ ಅಷ್ಟು ಹಗುರಾಗಿ ನಡೆದದ್ದನ್ನು ನಾನು ನೋಡಿ ಎಷ್ಟೋ ವರ್ಷವಾಗಿತ್ತು.

ಮಾರನೆಯ ಬೆಳಿಗ್ಗೆಯೇ ರಿಚರ್ಡ್ಸ್ ಟೌನಿನಲ್ಲಿ ಒಂದು ಫೋಟೊ ಪ್ರದರ್ಶನದ ಕೆಲಸ ಬಂತು. ಅದರ ಬೆನ್ನಿಗೆ ಹಲಸೂರಿನಲ್ಲಿ ಇನ್ನೊಂದು. ಚುಕ್ಕಿ ತಲೆಯಿಂದ ಜಾರಿಹೋಯಿತು ಎಂದರೆ ಪೂರ್ತಿ ನಿಜವಾಗುವುದಿಲ್ಲ. ಆಗಾಗ ನೆನಪಾಗುತ್ತಿತ್ತು. ಇರಲಿ ಬಿಡು, ಇನ್ನೊಂದು ದಿನ ಇರಲಿ, ಅನ್ನಿಸುತ್ತಿತ್ತು. ಯಜಮಾನಿ ತಮ್ಮ ಚುಕ್ಕಿಗಳನ್ನು ಕಿತ್ತರು. ಇದನ್ನು ರಿಸೆಪ್ಷನ್ನಿನ ಹುಡುಗಿ ನಿಜವಾಗಿ ಮಾರಿ ಹಾಕಿರಬೇಕು ಎಂದು ಬಿಟ್ಟರು. ಯಜಮಾನಿಯೇ ಮಾರಿರಬೇಕು ಎಂದು ಹುಡುಗಿ ಬಿಟ್ಟಳು.

ಹತ್ತನೆಯ ದಿನ ಚಿತ್ರಗಳನ್ನು ಇಳಿಸಲು ಹೋದೆ. ಅಣ್ಣನ ಹಲಗೆಗೆ ಕೈ ಹಾಕಿದಾಗ ಹುಡುಗಿ ಕೂತಲ್ಲಿಂದಲೇ ಕೂಗಿದಳು.

"ಅಣ್ಣಾ, ಆ ಯೆಲ್ಲೋ ಹೌಸ್ ಪಿಕಪ್ ಮಾಡೋಕೆ ಬೈಯರ್ ಯಾವಾಗ ಬರ್ತಾರಂತೆ?"

"ಬೈಯರ್ ಇಲ್ಲಮ್ಮ. ಚುಕ್ಕಿ ನಾನೇ ಹಾಕಿದ್ದು," ಎಂದೆ, ನಗುತ್ತಲೇ.

ಅವಳು ನಗಲಿಲ್ಲ. "ಅಯ್ಯೋ ಕಡವುಳೇ, ಏನಣ್ಣ ಮಾಡ್ಬಿಟ್ರಿ!" ಎಂದು ಎದ್ದು ಬಂದಳು. "ಒಬ್ರು ಮೇಡಂ ಮೂರು ಸಲ ಬಂದಿದ್ರು. ಅದು ಅವ್ರ ಅಜ್ಜಿ ಮನೆಯಂತೆ. ಆ ಚೇರ್ ನೋಡಿದ ತಕ್ಷಣ ಅತ್ಬಿಟ್ರು. ಫಸ್ಟ್ ಡೇ ಸೋಲ್ಡ್ ಅಂದೆ, ಹೋದ್ರು. ಮತ್ತೆ ಬಂದು, ಬೈಯರ್ ಹತ್ರ ಕೇಳಿ ನೋಡ್ತೀರಾ ಅಂದ್ರು. ಹಾಗೆಲ್ಲ ಕೇಳೋಕಾಗಲ್ಲ ಮೇಡಂ ಅಂದೆ. ಮೂರ್ನೇ ಸಲ ಅರ್ಧ ಗಂಟೆ ಸುಮ್ನೆ ನಿಂತ್ಕೊಂಡು ನೋಡಿ ಹೋದ್ರು. ಅವತ್ತೇ ಫ್ಲೈಟ್ ಇತ್ತಂತೆ."

"ನಂಬರ್ ಇಸ್ಕೊಂಡ್ಯಾ?"

"ಸೇಲ್ ಆಗಿರೋ ಪೀಸ್‌ಗೆ ನಂಬರ್ ಯಾಕಣ್ಣ ಇಸ್ಕೊಳ್ಲಿ?"

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಬಂದವರು ಬರೆಯುವ ಪುಸ್ತಕವನ್ನು ಎಳೆದುಕೊಂಡು ಪುಟಪುಟ ತಿರುವಿದೆ. ನೈಸ್, ಲವ್ಲಿ, ಕೀಪ್ ಇಟ್ ಅಪ್, ಕೆಳಗೆ ಓದಲಾಗದ ಸಹಿಗಳು. ಅವುಗಳಲ್ಲಿ ಒಂದು ಅವರದ್ದಿರಬಹುದು, ಇಲ್ಲದೆಯೂ ಇರಬಹುದು. ಕಾಕ್ಸ್ ಟೌನಿಗೆ ಹೋದೆ. ಮನೆಯಿದ್ದ ಜಾಗದಲ್ಲಿ ನಾಲ್ಕನೆಯ ಮಹಡಿ ಏಳುತ್ತಿತ್ತು. ಎದುರಿನ ಬೇಕರಿಯವರು ಬನ್ನು ಕಟ್ಟಿಕೊಡುತ್ತ, "ಆ ಮನೆಯೋರಾ? ಯಾರೂ ಇಲ್ಲಾರಿ ಇಲ್ಲಿ. ಒಬ್ಬೊಬ್ರು ಒಂದೊಂದ್ ದೇಶ," ಎಂದರು. ಎರಡನೇ ಸಲ ಹೋದಾಗಲೂ ಅದನ್ನೇ ಹೇಳಿದರು. ಚಿತ್ರವನ್ನು ಬೆಡ್‌ಶೀಟಿನಲ್ಲಿ ಸುತ್ತಿ ನನ್ನ ಮಂಚದ ಕೆಳಗೆ ತಳ್ಳಿದೆ. ಅಣ್ಣನ ಚಿತ್ರ ಬೇಕಾದವರು ಕೊನೆಗೂ ಬಂದಿದ್ದರು, ಬಂದವರನ್ನು ಬಾಗಿಲಿಂದಲೇ ತಿರುಗಿ ಕಳಿಸಿದವನು ನಾನು.

ಆ ವರ್ಷ ಪೂರ್ತಿ ಅಣ್ಣ ಖುಷಿಯಾಗಿದ್ದ. ಅದೇ ನನಗೆ ನರಕವಾಯಿತು. ಇನ್ನೆರಡು ಹಲಗೆ ಬರೆದ, ಒಂದರಲ್ಲಿ ಸಾಹೇಬರ ಬಿರಿಯಾನಿ ಹೋಟೆಲು, ಇನ್ನೊಂದರಲ್ಲಿ ಅವನ ಹಳೇ ಗಲ್ಲಿ. ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ: ಅವರು ಚಿತ್ರವನ್ನು ಯಾವ ಗೋಡೆಗೆ ಹಾಕಿದ್ದಾರೆ, ಬಿಸಿಲು ಬೀಳುವ ಕಡೆ ಹಾಕಿಲ್ಲ ತಾನೆ, ಎನಾಮೆಲ್ ಹಳದಿ ಕಪ್ಪಾಗುತ್ತದೆ. ನಾನು ಹಾಲ್‌ನಲ್ಲಿ, ಸೋಫಾ ಮೇಲಿನ ಗೋಡೆಗೆ, ಎಂದೆಲ್ಲ ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಇಲ್ಲದ ಮನೆಗೆ ಕಿಟಕಿ ಬಾಗಿಲುಗಳನ್ನು ಇಡುತ್ತ ಹೋದೆ.

ಮತ್ತೆ ದಸರಾ ಬಂತು. ನಮ್ಮದು ಬೌದ್ಧರ ಮನೆ. ನಮಗೆ ಧಮ್ಮದೀಕ್ಷೆಯ ದಿನವಾದ ವಿಜಯದಶಮಿಯ ಬೆಳಿಗ್ಗೆ ಬಿಳಿ ಬಟ್ಟೆ ತೊಟ್ಟು ಕೆ.ಆರ್.ಪುರದಾಚೆಯ ವಿಹಾರಕ್ಕೆ ಹೋಗಿ, ಎಲ್ಲರ ಜೊತೆ ಕೈಮುಗಿದು ಪಂಚಶೀಲ ಹೇಳುತ್ತೇವೆ. ಸುಳ್ಳಾಡುವುದಿಲ್ಲ ಎನ್ನುವುದು ಅದರಲ್ಲಿ ನಾಲ್ಕನೆಯದು. ಪ್ರತಿ ವರ್ಷ ಹೇಳಿದ್ದೇ. ಆ ದಿನ ಅಣ್ಣನ ಪಕ್ಕದಲ್ಲಿ ನಿಂತು ಅದನ್ನು ಹೇಳುವಾಗ ನಾನು ಬರೀ ತುಟಿ ಆಡಿಸಿದೆ. ಅವನು ಗಟ್ಟಿಯಾಗಿ ಹೇಳಿದ.

ಹೊರಗೆ ಬಂದು ಬಸ್‌ಸ್ಟಾಪಿನಲ್ಲಿ ನಿಂತಾಗ ಅವನ ಕೈಯಲ್ಲೊಂದು ಸ್ವೀಟ್ ಡಬ್ಬಿ ಇತ್ತು.

"ನಡಿ, ಇಂದಿರಾನಗರಕ್ಕೆ ಹೋಗ್ಬರೋಣ," ಎಂದ. "ಹಬ್ಬದ ದಿನ ಸ್ವೀಟ್ ತಗೊಂಡೋದ್ರೆ ಯಾರಾದ್ರೂ ಬೇಡ ಅಂತಾರಾ? ಐದೇ ನಿಮಿಷ. ಹೆಂಗ್ ಹಾಕಿದ್ದಾರೆ ಅಂತ ನೋಡ್ಕೊಂಡು ಬಂದ್ಬಿಡ್ತೀನಿ."

ಇನ್ನು ನನ್ನ ಕೈಯಲ್ಲಿ ಆಗಲಿಲ್ಲ. ಚುಕ್ಕಿ ನಾನೇ ಅಂಟಿಸಿದ್ದು, ಚಿತ್ರ ನನ್ನ ಮಂಚದ ಕೆಳಗಿದೆ, ಎಲ್ಲ ಹೇಳಿದೆ. ಅವನು ಹೊಡೆಯುತ್ತಾನೆ ಅಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. ಕೈಯಲ್ಲಿದ್ದ ಡಬ್ಬಿಯನ್ನು ಒಂದು ಸಲ ನೋಡಿಕೊಂಡು, ಅದನ್ನು ನನ್ನ ಕೈಗಿತ್ತ.

"ಹಂಗಾದ್ರೆ ಇದು ನಿಂದೇ. ಮಕ್ಕಳಿಗೆ ಕೊಡು."

"ಅಣ್ಣ, ಪೂರ್ತಿ ಕೇಳು," ಎಂದು ಆ ಹೆಂಗಸಿನ ವಿಷಯ ಹೇಳತೊಡಗಿದೆ. ಮೂರು ಸಲ ಬಂದದ್ದು, ಅಜ್ಜಿಯ ಮನೆ, ಕುರ್ಚಿ ನೋಡಿ ಅತ್ತದ್ದು. ಅವಸರದಲ್ಲಿ ಹೇಳುತ್ತ ಹೋದ ಹಾಗೆ ನನ್ನ ಕಿವಿಗೇ ಅದು ಕಟ್ಟುಕಥೆಯ ಹಾಗೆ ಕೇಳಿಸಿತು. ಅಣ್ಣ ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಂಡ.

"ಅವ್ರ ಹೆಸರೇನು?"

"ಗೊತ್ತಿಲ್ಲ."

"ಎಲ್ಲಿದ್ದಾರೆ?"

"ಗೊತ್ತಿಲ್ಲ. ಫ್ಲೈಟ್ ಇತ್ತಂತೆ. ಇರು, ಗ್ಯಾಲರಿ ಹುಡುಗಿಗೆ ಫೋನ್ ಮಾಡ್ತೀನಿ, ನೀನೇ ಮಾತಾಡು."

"ಫೋನ್ ಒಳಗಿಡು. ಅವಳಿಗೂ ಹೇಳ್ಕೊಟ್ಟಿರ್ತೀಯ."

"ಅಮ್ಮನಾಣೆ ಅಣ್ಣ."

"ಸಾಕು ಬಿಡೋ," ಎಂದ. ದನಿಯಲ್ಲಿ ಕೋಪವೇ ಇರಲಿಲ್ಲ. "ಇನ್ನೊಂದು ಚುಕ್ಕಿ ಅಂಟಿಸ್ಬೇಡ. ಯಾರಿಗೂ ಬೇಕಾಗಿರ್ಲಿಲ್ಲ, ಅಷ್ಟೇ ತಾನೆ? ನಂಗದು ಮೊದ್ಲೇ ಗೊತ್ತಿತ್ತು. ನೀನ್ಯಾಕೆ ಅಳ್ತೀಯ?"

ಬಸ್ಸು ಬರುವವರೆಗೂ ನನ್ನ ಬೆನ್ನು ಸವರುತ್ತ ನಿಂತಿದ್ದ. ಬಸ್ಸು ಬಂದ ಮೇಲೆ ಹೊರಮಾವಿನ ಡ್ಯೂಟಿಗೆ ಹೊತ್ತಾಯಿತು ಎಂದು ಹತ್ತಿಕೊಂಡ. ಬರೆದ ಎರಡು ಹಲಗೆಗಳನ್ನು ಅಪಾರ್ಟ್‌ಮೆಂಟಿನವರಿಗೆ ಕೊಟ್ಟುಬಿಟ್ಟನಂತೆ, ಜನರೇಟರಿಗೆ ಮಳೆನೀರು ಹೊಡೆಯದಂತೆ ಅಡ್ಡ ಇಟ್ಟಿದ್ದಾರೆ. ನನ್ನ ಜೊತೆ ಮೊದಲಿನಂತೆಯೇ ಇದ್ದಾನೆ, ಮಾತಾಡುತ್ತಾನೆ, ಮನೆಗೆ ಬಂದರೆ ಮಂಚದ ಮೇಲೆ ಕೂತು ಕಾಫಿ ಕುಡಿಯುತ್ತಾನೆ. ಚಿತ್ರ ತೆಗಿ, ನೋಡೋಣ ಎಂದು ಒಂದು ಸಲವೂ ಕೇಳಿಲ್ಲ. ನಾನಾಗಿ ತೆಗೆದು ತೋರಿಸುವ ಧೈರ್ಯ ನನಗಿಲ್ಲ. ಚಿತ್ರ ಬೇಕೆಂದವರ ಬಗ್ಗೆ ಅವನಿಗೆ ನಾನು ಹೇಳಿದ್ದರಲ್ಲಿ ಆ ಹೆಂಗಸು ಬಂದಿದ್ದರು ಎನ್ನುವುದೊಂದೇ ನಿಜ, ಅದೊಂದನ್ನೇ ಅವನು ನಂಬಲಿಲ್ಲ.