ಠಣ್ ಅನ್ನದ ಟೈರು

ಟೈರಿನ ವಿಷಯದಲ್ಲಿ ಲರೂ ಜಾರ್ಗೆನ್ಸನ್‌ಗೆ ಬುದ್ಧಿ ಹೇಳುವ ಗಂಡಸು ಎಫ್ರೈಮ್ ಎಂಬ ಆ ಊರಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ಹೆಂಗಸು ಅವಳು. ಹಿಮ ಬೀಳಲಿ, ಚಳಿಗಾಳಿ ಮೈ ಕೊರೆಯಲಿ, ಬೆಳಗ್ಗೆ ಶೆಡ್ಡಿಗೆ ಹೋದವಳೇ ಮರದ ಕೊಡತಿಯಿಂದ ಒಂದೊಂದು ಟೈರಿಗೂ ಒಂದೇಟು ಬಿಗಿದು ಕಿವಿಗೊಡುತ್ತಿದ್ದಳು. ಠಣ್ ಅಂದರೆ ಗಾಳಿ ಭರ್ತಿ. ದಬ್ ಅಂದರೆ ಬಸ್ಸು ಅಲ್ಲಿಂದ ಕದಲುವ ಹಾಗಿಲ್ಲ. ಒಮ್ಮೆ ಹೆಡ್‌ಮಾಸ್ಟರರೇ ಬಂದು ಹೊತ್ತಾಯಿತೆಂದು ಗೊಣಗಿದಾಗ, "ನಿಮ್ಮ ಗಂಟೆ ಕಾಯುತ್ತೆ ಸಾರ್, ಈ ಟೈರು ಕಾಯಲ್ಲ" ಅಂದಿದ್ದಳು. ಬಾಯಿ ಜೋರು, ನಿಜ. ಆದರೆ ಅವಳ ಬಸ್ಸು ಹತ್ತಿದ ಒಂದು ಮಗುವಿಗೂ ಒಂದು ಗೀರು ಬಿದ್ದದ್ದಿಲ್ಲ.

ಇಂಥವಳು ಕೆಲಸ ಬಿಟ್ಟ ಮೇಲೆ ತನ್ನ ಹಳೇ ಎಸ್‌ಯುವಿಗೆ ಹೊಸ ಸ್ಪ್ರಿಂಗು ಹಾಕಿಸಿ ಮೂರು ಇಂಚು ಎತ್ತರ ಮಾಡಿಸಿಕೊಂಡು ಬಂದಾಗ ಊರು ನಗದೆ ಇರುತ್ತದೆಯೇ? ಚರ್ಚಿನ ಮುಂದೆ ಗಾಡಿ ನಿಲ್ಲಿಸಿ, ಉದ್ದನೆಯ ಲಂಗ ಎತ್ತಿ ಹಿಡಿದು, ಸ್ಟೂಲಿನ ಮೇಲೆ ಕಾಲಿಟ್ಟು ಇಳಿಯುವ ಅವಳನ್ನು ನೋಡಿ, "ಲರೂ ಅಕ್ಕ, ಸ್ವರ್ಗಕ್ಕೆ ಇದರಲ್ಲೇ ಹೋಗ್ತೀರಾ?" ಎಂದು ಕೇಳಿದವರೂ ಉಂಟು. "ಹೌದಪ್ಪ, ದಾರೀಲಿ ನಿನ್ನನ್ನ ಬೇರೆ ಕಡೆ ಇಳಿಸಿ ಹೋಗ್ತೀನಿ" ಎಂದು ಅವಳೂ ಬಿಡಲಿಲ್ಲ.

ಇದೆಲ್ಲ ಅವಳ ಅಕ್ಕ ಆರ್ವಾಳಿಗಾಗಿ. ಪ್ರತಿ ಜುಲೈನಲ್ಲಿ ಇವರ ಬಳಗವೆಲ್ಲ ಬೆಟ್ಟದ ಮೇಲೆ ಅಪ್ಪನ ಕಾಲದ ಕುರಿಹಟ್ಟಿಯಲ್ಲಿ ಸೇರುತ್ತದೆ. ಅಮ್ಮ ಕುರಿಗಳ ಹಿಂದೆ ಓಡಾಡುವಾಗ ಲರೂಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಆರ್ವಾ. ಎಂಬತ್ತು ದಾಟಿದ ಅವಳಿಗೆ ಈಗ ಅದೇ ಸೊಂಟ ಕೈಕೊಟ್ಟಿತ್ತು, ಆಪರೇಷನ್ನೂ ಆಗಿತ್ತು. ಹಿಂದಿನ ವರ್ಷ ಲರೂಳ ಗಾಡಿಯ ಹೊಟ್ಟೆ ದಾರಿಯ ಬಂಡೆಗೆ ತಗುಲಿ, ಅಕ್ಕತಂಗಿಯರು ಅರ್ಧಕ್ಕೇ ವಾಪಸು ಬಂದಿದ್ದರು. ಮನೆಯ ಬಾಗಿಲಲ್ಲಿ ಇಳಿದು ಆರ್ವಾ, "ಇನ್ನು ಹಟ್ಟಿ ನನ್ನ ಪಾಲಿಗಿಲ್ಲ ಬಿಡೇ ಮರಿ" ಅಂದಳು. ಅಷ್ಟೇ ಅಂದದ್ದು. ಲರೂಳಿಗೆ ಆ ರಾತ್ರಿ ಅನ್ನ ಸೇರಲಿಲ್ಲ. ಈ ವರ್ಷ ಅಕ್ಕನನ್ನು ಮೇಲೆ ಕರೆದುಕೊಂಡು ಹೋಗದಿದ್ದರೆ ಮುಂದೆ ಯಾವತ್ತೂ ಆಗುವುದಿಲ್ಲ ಎಂಬುದು ಅವಳಿಗೆ ಖಾತ್ರಿಯಾಗಿತ್ತು.

ಟೈರಂಗಡಿಯ ವರ್ಲ್ ನೀಲ್ಸನ್ ಒಂದನೇ ಕ್ಲಾಸಿನಿಂದ ಇವಳ ಬಸ್ಸಿನಲ್ಲೇ ಶಾಲೆಗೆ ಹೋದವನು. ಎತ್ತರವಾದ ಗಾಡಿಗೆ ದೊಡ್ಡ ಟೈರು ಬೇಕೆಂದು ಅವನ ಹತ್ತಿರ ಹೋದಳು.

"ಮೂವತ್ತೈದು ಇಂಚಿಂದು ಹಾಕೋ" ಅಂದಳು ಲರೂ.

"ಬೇಡ ಅಕ್ಕಾ. ಸ್ಟೀರಿಂಗ್ ಪೂರ್ತಿ ತಿರುಗಿಸಿದ್ರೆ ಮಡ್‌ಗಾರ್ಡಿಗೆ ಉಜ್ಜುತ್ತೆ. ಮೂವತ್ತಮೂರು ಸರಿಹೋಗುತ್ತೆ."

"ಆಯ್ತು. ಭಾರ ಎಷ್ಟು ಹೊರುತ್ತೆ?"

"ಪಕ್ಕದಲ್ಲಿ ಅಕ್ಷರ ಇರುತ್ತೆ ನೋಡಿ. ನಿಮ್ಮ ಗಾಡಿಗೆ ಸಿ ಸಾಕು. ಅದರ ಮೇಲೆ ಡಿ, ಅದಕ್ಕೂ ಮೇಲೆ ಇ. ಇ ಅನ್ನೋದು ಕುದುರೆ ಟ್ರೈಲರ್ ಎಳೆಯೋರಿಗೆ."

"ಶಾಲೇಲಿ ಎ ಬಂದೋನು ಜಾಣ, ಇಲ್ಲಿ ಇ ಬಂದೋನಾ? ಸರಿಯಾದ ಅಂಗಡೀನೇ ಇಟ್ಟಿದ್ದೀಯ ಬಿಡು."

ವರ್ಲ್ ನಕ್ಕ. "ಇ ಕಲ್ಲಿನ ಥರ ಇರುತ್ತೆ ಅಕ್ಕಾ. ಆರ್ವಕ್ಕನ ಸೊಂಟ..."

"ಬಸ್ಸಲ್ಲಿ ನನ್ನ ಬೆನ್ನ ಮೇಲೆ ವಾಂತಿ ಮಾಡ್ಕೊಂಡೋನು ನನಗೆ ಪಾಠ ಹೇಳ್ತಾನೆ! ಕೂತಿರೋದು ನನ್ನಕ್ಕ ಕಣೋ. ಇರೋದ್ರಲ್ಲಿ ಗಟ್ಟಿದೇ ಹಾಕು."

ಅವನು ಹಾಕಿದ, ಗಾಡಿಯ ತೂಕಕ್ಕೆ ತಕ್ಕಷ್ಟು ಗಾಳಿಯನ್ನೂ ತುಂಬಿದ. ಲರೂ ಮನೆಗೆ ಬಂದು ಅಭ್ಯಾಸದಂತೆ ಕೊಡತಿ ತಂದು ಒಂದೇಟು ಹಾಕಿದಳು. ದಬ್. ಇನ್ನೊಂದಕ್ಕೆ ಹಾಕಿದಳು. ದಬ್. "ಅಯ್ಯೋ ಇವನ ಮುಖಕ್ಕಿಷ್ಟು!" ಎಂದು ಬೈದುಕೊಂಡು, ಟೈರಿನ ಪಕ್ಕದಲ್ಲಿ ಬರೆದಿದ್ದ ಎಂಬತ್ತು ಪೌಂಡ್ ಒತ್ತಡದವರೆಗೂ ತಾನೇ ಗಾಳಿ ಹೊಡೆದಳು. ಅದು ಟೈರು ತಡೆಯುವ ಗರಿಷ್ಠವೇ ಹೊರತು ಈ ಗಾಡಿಗೆ ಬೇಕಾದದ್ದಲ್ಲ. ಆದರೆ ಬಸ್ಸಿನ ಟೈರು ಕೇಳಿ ಪಳಗಿದ ಕಿವಿಗೆ ಅದನ್ನು ಹೇಳುವವರು ಯಾರು? ಠಣ್ ಅಂದಾಗಲೇ ಅವಳಿಗೆ ಸಮಾಧಾನ.

ಬಳಗ ಸೇರುವ ಶನಿವಾರ ಆರ್ವಾಳನ್ನು ಸ್ಟೂಲು ಹತ್ತಿಸಿ, ಬೆನ್ನಿಗೆ ದಿಂಬು ಕೊಟ್ಟು ಹೊರಟರು. ಡಾಂಬರು ಇರುವವರೆಗೆ ಏನೂ ಇಲ್ಲ. ಕಲ್ಲಿನ ದಾರಿ ಶುರುವಾಯಿತು ನೋಡಿ, ಗಾಡಿ ಹುರಿಯುವ ಜೋಳದ ಹಾಗೆ ಸಿಡಿಯತೊಡಗಿತು.

"ನಿಧಾನ ಕಣೇ, ಹಲ್ಲಿನ ಸೆಟ್ಟು ಕೈಗೆ ಬರುತ್ತೆ!" ಎಂದು ಆರ್ವಾ ಮೊದಮೊದಲು ನಗುತ್ತಿದ್ದಳು. ಆಮೇಲೆ ನಗು ನಿಂತಿತು. ಲರೂ ಕಣ್ಣಂಚಿನಲ್ಲಿ ನೋಡಿದರೆ ಅಕ್ಕನ ತುಟಿ ಬಿಳಿಚಿಕೊಂಡಿತ್ತು, ಎರಡೂ ಕೈ ಸೀಟನ್ನು ಅವುಚಿ ಹಿಡಿದಿದ್ದವು.

"ತಿರುಗಿಸೇ ಮರಿ. ಸೊಂಟ ತಡೀತಿಲ್ಲ."

ಲರೂ ಬ್ರೇಕು ಒತ್ತಿದಳು. ಗಾಡಿ ನಿಲ್ಲಿಸಿ ಇಳಿದು ಟೈರಿಗೆ ಒದ್ದಳು. ಕಾಲೇ ನೋಯಿತು. ಇಷ್ಟೆಲ್ಲ ಮಾಡಿ ಅಕ್ಕನನ್ನು ಎರಡನೇ ಸಲ ಅರ್ಧ ದಾರಿಯಿಂದ ವಾಪಸು ಕರೆದುಕೊಂಡು ಹೋಗಬೇಕೇ ಎಂದು ಅವಳಿಗೆ ಅಳು ಬಂತು.

ಕಿಟಕಿಯಿಂದ ಆರ್ವಾ ಅಂದಳು: "ಗಾಳಿ ಜಾಸ್ತಿ ಆಗಿದೆಯೇನೇ? ಸ್ವಲ್ಪ ಬಿಟ್ಟುನೋಡು."

"ಗಾಳಿ ಬಿಡೋದಾ? ಟೈರಿಂದಾ?"

"ಅಪ್ಪ ಬಿಡ್ತಿರಲಿಲ್ವಾ? ಇಲ್ಲೇ ಎಲ್ಲೋ ಲಾರಿ ನಿಲ್ಲಿಸಿ, ಬೆಂಕಿಕಡ್ಡಿ ಚುಚ್ಚಿ ಪುಸ್ ಅಂತ ಬಿಡ್ತಿದ್ದ. ಆಮೇಲೆ ಲಾರಿ ತೊಟ್ಟಿಲು ತೂಗಿದ ಹಾಗೆ ಹೋಗ್ತಿತ್ತು. ನೀನು ನನ್ನ ತೊಡೆ ಮೇಲೆ ಗೊರಕೆ ಹೊಡೀತಿದ್ದೆ, ನಿನಗೆಲ್ಲಿ ಗೊತ್ತಿರುತ್ತೆ?"

ಮೂವತ್ತು ವರ್ಷ ಗಾಳಿ ತುಂಬಿದ ಕೈ ಅದು. ಒಂದೇ ಒಂದು ದಿನ ಬೇಕೆಂದು ಗಾಳಿ ಬಿಟ್ಟದ್ದಿಲ್ಲ. ಮಂಡಿಯೂರಿ ವಾಲ್ವಿನ ಮುಚ್ಚಳ ಬಿಚ್ಚಿ ಕಡ್ಡಿ ಒತ್ತಿದಳು. ಪುಸ್ಸೆಂದು ಗಾಳಿ ಹೊರಟಿತು. ಅಳತೆ ನೋಡುತ್ತ, ತಡೆಯುತ್ತ, ಮತ್ತೆ ಬಿಡುತ್ತ ನಾಲ್ಕೂ ಟೈರು ಮುಗಿಸುವಾಗ ಅವು ಉಂಡು ಕೂತವರ ಹೊಟ್ಟೆಯಂತೆ ಪಕ್ಕಕ್ಕೆ ಉಬ್ಬಿದ್ದವು. ಇಳಿದು ಬಂದ ಮೇಲೆ ಮತ್ತೆ ತುಂಬಲು ಗಾಡಿಯ ಹಿಂಭಾಗದಲ್ಲಿ ಪಂಪು ಇತ್ತು. ಕೊಡತಿ ಕೈಗೆತ್ತಿಕೊಂಡಳು, ಏನನಿಸಿತೋ, ಬಡಿಯದೆ ಹಿಂದಕ್ಕೆಸೆದಳು.

ಗಾಡಿ ಹೊರಟಿತು. ಟೈರು ಕಲ್ಲನ್ನು ತಬ್ಬಿಕೊಂಡು, ಮೆತ್ತಗೆ ಹತ್ತಿ, ಮೆತ್ತಗೆ ಇಳಿಯತೊಡಗಿತು. ಹಿಂದಿನ ವರ್ಷ ಹೊಟ್ಟೆಗೆ ತಗುಲಿದ ಬಂಡೆ ಈ ಸಲ ಕೆಳಗೇ ಉಳಿಯಿತು.

ಕಣ್ಣು ಮುಚ್ಚಿಕೊಂಡಿದ್ದ ಆರ್ವಾ ಕೇಳಿದಳು: "ಯಾಕೇ, ನಿಲ್ಲಿಸಿಬಿಟ್ಯಾ?"

"ಇಲ್ಲ ಕಣಕ್ಕಾ. ಹೋಗ್ತಾ ಇದ್ದೀವಿ!" ಲರೂಳಿಗೆ ನಗು ತಡೆಯಲಾಗಲಿಲ್ಲ, ಕಣ್ಣೀರೂ ತಡೆಯಲಾಗಲಿಲ್ಲ. ಅಕ್ಕತಂಗಿಯರಿಬ್ಬರೂ ದಾರಿಯುದ್ದಕ್ಕೂ ಹುಚ್ಚರಂತೆ ನಕ್ಕರು.

ಆಸ್ಪೆನ್ ಮರಗಳು ಮುಗಿದು ಹಟ್ಟಿಯ ಬಯಲು ತೆರೆದುಕೊಂಡಿತು. ಬಳಗವೆಲ್ಲ ಎದ್ದು ನಿಂತು ಕೂಗಿತು. ಅಕ್ಕನ ಮಗ ಮಡಚುವ ಕುರ್ಚಿ ಎತ್ತಿಕೊಂಡು ಓಡಿಬಂದ. "ಅಮ್ಮಾ, ಇದರ ಮೇಲೆ ಕೂತ್ಕೋ, ಎತ್ಕೊಂಡು ಹೋಗ್ತೀವಿ."

ಆರ್ವಾ ಅವನ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಕಣ್ಣು ಒಲೆಯ ಮೇಲಿತ್ತು. ಸ್ಟೂಲಿನಿಂದ ಇಳಿದು, ಕೋಲೂರಿ, ನೆಟ್ಟಗೆ ಆಲೂಗಡ್ಡೆ ಬೇಯುತ್ತಿದ್ದ ಕಬ್ಬಿಣದ ಪಾತ್ರೆಯ ಹತ್ತಿರ ಹೋಗಿ ನಿಂತಳು.

"ಯಾವನೋ ಅದು, ಮುಚ್ಚಳದ ಮೇಲೆ ಇಷ್ಟೊಂದು ಕೆಂಡ ಸುರಿದೋನು? ಒಂದು ವರ್ಷ ನಾನು ಬರಲಿಲ್ಲ ಅಂದ್ರೆ ಹೀಗಾ? ಮುಚ್ಚಳ ಎತ್ತೋ ಆ ಕೊಕ್ಕೆ ಕೊಡಿಲ್ಲಿ!"

ಗಂಡಸರೆಲ್ಲ ದಡಬಡಿಸಿ ಕೊಕ್ಕೆ ಹುಡುಕಿದರು. ಲರೂ ಕಣ್ಣೊರೆಸಿಕೊಂಡು ಒಂದು ತಟ್ಟೆ ಹಿಡಿದು, ಅಕ್ಕ ಬಡಿಸಲಿ ಎಂದು ಎಲ್ಲರಿಗಿಂತ ಮುಂದೆ ಹೋಗಿ ನಿಂತಳು.